ದತ್ತಿಶಾಸನಗಳಲ್ಲಿ ಸೋಮಗ್ರಹಣ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು ಶಾಸನಸಂಪತ್ತಿಗೆ ಹೆಸರಾದ ನೆಲ. ಪಾನುಂಗಲ್ಲು ಐನೂರನ್ನಾಳಿದ ಕದಂಬರ ರಾಜಧಾನಿ ಹಾನಗಲ್ಲು. ಬಂಕೆಯನನ್ನೂ ಅವನ ಮಗ ಕುಂದಟ್ಟೆಯನ್ನೂ ಹೆಸರಿಸುವ ಶಾಸನವುಳ್ಳ ನಿಡಗುಂದಿ ಶಿಗ್ಗಾಂವಿ ಸೀಮೆಯದು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಶಾಸನ ದೊರೆತ ಹತ್ತಿಮತ್ತೂರು ಸವಣೂರಿಗೂ, ಏಕಾಂತದ ರಾಮಯ್ಯನ ಅಬ್ಬಲೂರು ಹಿರೇಕೆರೂರಿಗೂ ಸೇರಿವೆ.

ಈ ಭಾಗದ ದತ್ತಿಶಾಸನಗಳನ್ನು ಓದುವವರಿಗೆ ಉತ್ತರಾಯಣ ಸಂಕ್ರಾಂತಿ, ವ್ಯತೀಪಾತ, ಸೋಮಗ್ರಹಣ ಎಂಬ ಮಾತುಗಳು ಪರಿಚಿತವೇ. ಪರ್ವಕಾಲದಲ್ಲಿ ಆಚಾರ್ಯರ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಬಿಡುವುದು ಅಂದಿನ ರೂಢಿ. ಗ್ರಹಣವು ಪೂರ್ಣವೋ ಪಾರ್ಶ್ವವೋ ಎಂಬುದನ್ನು ಶಾಸನಕವಿ ಸಾಮಾನ್ಯವಾಗಿ ಹೇಳುವುದಿಲ್ಲ. ಚಂದ್ರಬಿಂಬದ ಅಂಚನ್ನು ಭೂಛಾಯೆ ಸೋಕಿದರೂ ದಾನಿಗೆ ಅದು ಪರ್ವವೇ. ಆದ್ದರಿಂದ ಕಾಲನಿರ್ಣಯಕ್ಕೆ ತೊಡಗಿದ ವಿದ್ವಾಂಸನು ಪೂರ್ಣಗ್ರಹಣಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಖಂಡಗ್ರಹಣವನ್ನು ಬಿಟ್ಟರೆ ನಿಜವಾದ ತೇದಿಯೇ ಕೈತಪ್ಪೀತು.

ಶಾಸನದ ಶಕವರ್ಷ ಸವೆದು, ಅರಸನ ಹೆಸರು ಒಡೆದುಹೋಗಿ, ಸಂವತ್ಸರ, ಮಾಸ, ಸೋಮಗ್ರಹಣ ಇಷ್ಟೇ ಉಳಿದಿವೆಯೆಂದು ಭಾವಿಸೋಣ. ಚಿತ್ರಭಾನು ಸಂವತ್ಸರವಾದರೆ ಅದು ಶಕ 1024 ಇರಬಹುದು, 1084 ಇರಬಹುದು. ಮೊದಲನೆಯದು (ಕ್ರಿ.ಶ. 1102-03) ಆರನೆಯ ವಿಕ್ರಮಾದಿತ್ಯನ ಕಾಲ, ಎರಡನೆಯದು (1162-63) ಬಿಜ್ಜಳನ ಕಾಲ, ಶರಣರು ಕಲ್ಯಾಣದಲ್ಲಿದ್ದ ಕಾಲ. ಅರವತ್ತು ವರ್ಷಗಳ ಈ ಅಂತರ ವೀರಶೈವ ಚರಿತ್ರೆಗೆ ಸಣ್ಣದಲ್ಲ. ಲಿಪಿಯ ಮೋಡಿಯಿಂದ ಇದನ್ನು ಬಿಡಿಸುವುದು ಕಷ್ಟ.

ಇಲ್ಲಿ ಗ್ರಹಣವು ನೆರವಾಗುತ್ತದೆ. ಗ್ರಹಣಗಳಿಗೆ ಅನುಕೂಲವಾದ ಕಾಲ ಸುಮಾರು 173 ದಿನಗಳಿಗೊಮ್ಮೆ ಬರುತ್ತದೆ. ಅರವತ್ತು ವರ್ಷಗಳಲ್ಲಿ ಸಾಮಾನ್ಯವಾಗಿ 742 ಹುಣ್ಣಿಮೆಗಳು ಕಳೆಯುತ್ತವೆ. ಗುಣಿಸಿ ನೋಡಿದರೆ ಅದೇ ಮಾಸದ ಹುಣ್ಣಿಮೆ ಗ್ರಹಣಕಾಲದಿಂದ ಎರಡು ತಿಂಗಳಿಗೂ ಹೆಚ್ಚು ದೂರ ಸರಿದಿರುತ್ತದೆ. ಅಧಿಕಮಾಸದಿಂದ ಒಂದು ಹುಣ್ಣಿಮೆ ಹೆಚ್ಚಾದರೂ ಫಲ ಬೇರೆಯಾಗದು. ಎಂದರೆ ಒಂದು ಚಿತ್ರಭಾನುವಿನಲ್ಲಿ ಗ್ರಹಣವಾದ ಮಾಸದ ಹುಣ್ಣಿಮೆಯಲ್ಲಿ ಮುಂದಿನ ಚಿತ್ರಭಾನುವಿನಲ್ಲಿ ಗ್ರಹಣವಾಗಲಾರದು. ಎರಡರಲ್ಲಿ ಒಂದು ಬಿದ್ದುಹೋಗುತ್ತದೆ.

ಆದರೂ ಎಚ್ಚರ ಬೇಕು. ನಮ್ಮಲ್ಲಿ ವಾರವು ಸೂರ್ಯೋದಯದಿಂದ ಮೊದಲಾಗುತ್ತದೆ. ನಡುರಾತ್ರಿಯ ನಂತರದ ಗ್ರಹಣಕ್ಕೆ ಇಂಗ್ಲಿಷ್ ತೇದಿ ಮಾರನೆಯದಾದರೂ ಶಾಸನದ ವಾರ ಹಿಂದಿನದೇ. ಶಕವರ್ಷ ಗತವೋ ವರ್ತಮಾನವೋ ಎಂಬ ತೊಡಕೂ ಉಂಟು. ಜೋಯಿಸರು ಗಣಿತದಿಂದ ಕಂಡುಕೊಂಡ, ಆದರೆ ಈ ಸೀಮೆಗೆ ಕಾಣದ ಗ್ರಹಣವೂ ಕಲ್ಲನ್ನೇರಿರಬಹುದು. ಭೂಛಾಯೆಯೇ ಗ್ರಹಣಕಾರಣವೆಂಬುದನ್ನು ಕ್ರಿ.ಶ. 499ರ ಹೊತ್ತಿಗೇ ಆರ್ಯಭಟನು ವಿವರಿಸಿದ್ದನಲ್ಲವೆ?

ಶುಭಲಗ್ನ, ತಾರಾಬಲಗಳನ್ನು ಅರಸುವ ಗೊಡವೆ ಶಿವಭಕ್ತನಿಗಿಲ್ಲವೆಂದು ಬಸವಣ್ಣನವರು ಸಾರಿದರು. ಶರಣರಿಗೆ ಬೇಡವಾದ ಪರ್ವಗಣನೆಯೇ ಶರಣರ ಕಾಲವನ್ನು ಅರಿಯಲು ಸಾಧನವಾಗಿರುವುದು ಸೋಜಿಗ. ಅಬ್ಬಲೂರಿನಲ್ಲಿ ಈ ಸಾಧನವೂ ನಿಲುಕುವುದಿಲ್ಲ. ರಾಮಯ್ಯನ ಶಿರಃಪವಾಡವನ್ನೂ, ವೀರ ಸೋಮನಾಥನಿಗೆ ಹಾನಗಲ್ಲಿನ ಕದಂಬ ಕಾಮದೇವನಿತ್ತ ದತ್ತಿಯನ್ನೂ ಹೇಳುವ ಆ ಶಾಸನವನ್ನು ಕಾಮದೇವನ ಆಳ್ವಿಕೆಯ ಆಧಾರದಿಂದ ಸುಮಾರು ಕ್ರಿ.ಶ. 1200ರದೆಂದು ಎಣಿಸಲಾಗಿದೆ.