ಹಜ್ ದಾರಿ: ವಾರಗಳಿಂದ ಆರು ತಾಸಿಗೆ

ಬಸವಕಲ್ಯಾಣ, ಹುಮನಾಬಾದಿನ ಹಾಜಿಗಳಿಗೆ ಇಂದು ಹೈದರಾಬಾದೇ ಹೆಬ್ಬಾಗಿಲು. 2019ರಲ್ಲಿ ಕಲಬುರಗಿಗೆ, 2020ರಲ್ಲಿ ಬೀದರಿಗೆ ವಿಮಾನ ಸೇವೆ ಬಂದರೂ ಜಿದ್ದಾಕ್ಕೆ ಹೋಗಲು ಹೆದ್ದಾರಿ ಹಿಡಿದು, 2008ರಲ್ಲಿ ಆರಂಭವಾದ ಶಂಷಾಬಾದ್ ನಿಲ್ದಾಣವನ್ನೇ ಮುಟ್ಟಬೇಕು. ಅಲ್ಲಿಂದ ಜಿದ್ದಾ ಸುಮಾರು 4,100 ಕಿ.ಮೀ.; ನೇರ ವಿಮಾನದಲ್ಲಿ ಐದೂವರೆ-ಆರು ತಾಸಿನ ದಾರಿ.

ನಮ್ಮ ಹಿರಿಯರ ದಾರಿ ಹೀಗಿರಲಿಲ್ಲ. ಮುಂಬೈಯ ರೈಲು 1860ರಲ್ಲಿ ಸೊಲ್ಲಾಪುರಕ್ಕೆ, 1871ರಲ್ಲಿ ಕಲಬುರಗಿ ದಾಟಿ ರಾಯಚೂರಿಗೆ ಬಂತು. ಅದಕ್ಕೂ ಮುನ್ನ ಕಡಲ ತೀರದವರೆಗೆ ಗಾಡಿ, ಕುದುರೆ, ಕಾಲ್ನಡಿಗೆಯೇ ಗತಿ. ರೈಲು ಬಂದ ಮೇಲೂ ನಿಲ್ದಾಣದವರೆಗೆ ಗಾಡಿ ಕಟ್ಟಬೇಕಿತ್ತು; ಮುಂಬೈಯ ಮುಸಾಫಿರಖಾನೆಯಲ್ಲಿ ಹಡಗಿಗಾಗಿ ಕಾಯಬೇಕಿತ್ತು. ಹಡಗು ಹತ್ತಿದರೆ ಜಿದ್ದಾಕ್ಕೆ ವಾರಕ್ಕೂ ಮಿಕ್ಕಿದ ಪಯಣ. ಜೊತೆಗೆ 1882ರಿಂದ ಹಲವು ದಶಕ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ರೋಗ ತಪಾಸಣೆಗೆಂದು ಹಾಜಿಗಳನ್ನು ಇಳಿಸುತ್ತಿದ್ದರು. ಮರಳಿ ಬರುವ ಭರವಸೆ ಇರಲಿಲ್ಲ. ಆದ್ದರಿಂದ ಸಾಲ ತೀರಿಸಿ, ವಸಿಯ್ಯತ್ ಬರೆದಿಟ್ಟು, ಓಣಿಯವರೆಲ್ಲರ ಬಳಿ ಮಾಫಿ ಕೇಳಿ ಹೊರಡುವುದು ರೂಢಿಯಾಯಿತು. 1995ರಲ್ಲಿ ಭಾರತದ ಹಜ್ ಹಡಗುಗಳು ನಿಂತವು.

ದಾರಿ ಚಿಕ್ಕದಾದದ್ದು ಅಲ್ಲಾಹನ ದೊಡ್ಡ ನಿಅಮತ್. ಆದರೆ ಹಡಗಿನ ದಾರಿ ಕೊಡುತ್ತಿದ್ದ ಒಂದು ಅನುಕೂಲ ವಿಮಾನದಲ್ಲಿ ಇಲ್ಲ. ಅದು ಪುರಸೊತ್ತು. ಹಡಗು ಯಲಮ್‌ಲಮ್ ನೇರಕ್ಕೆ ಬರುವ ಮುನ್ನ ಗುಸ್ಲ್ ಮಾಡಲು, ಇಹ್ರಾಮ್ ಉಡಲು, ಗೊತ್ತಿಲ್ಲದ ಮಸ್‌ಅಲಾ ಕೇಳಿ ತಿಳಿಯಲು ದಿನಗಳೇ ಇದ್ದವು. ಅರ್ಧ ತಾಸಿನಲ್ಲಿ ನಾನೂರು ಕಿ.ಮೀ. ದಾಟುವ ವಿಮಾನವೋ ಇಳಿಯುವ ಮೊದಲೇ, ಆಕಾಶದಲ್ಲೇ ಮೀಖಾತ್ ದಾಟುತ್ತದೆ. ನಿದ್ದೆ ಹತ್ತಿದವರಿಗೆ ಪ್ರಕಟಣೆ ಕೇಳಿಸದೆಯೂ ಹೋಗಬಹುದು. ಇಹ್ರಾಮಿಲ್ಲದೆ ಮೀಖಾತ್ ದಾಟಿ, ಹಿಂದಿರುಗದೆ ಮುಂದೆಯೇ ಇಹ್ರಾಮ್ ಕಟ್ಟಿದರೆ ದಮ್ ಕೊಡಬೇಕಾಗುತ್ತದೆ.

ಆದ್ದರಿಂದ ನೇರ ಜಿದ್ದಾಕ್ಕೆ ಹೋಗುವವರು ಹೈದರಾಬಾದಿನಲ್ಲೇ ಗುಸ್ಲ್ ಮಾಡಿ ಇಹ್ರಾಮಿನ ಬಟ್ಟೆ ಉಟ್ಟಿರಬೇಕು. ಮೀಖಾತಿಗೆ ಮುನ್ನ ನಿಯ್ಯತ್ ಮಾಡಿ ತಲ್ಬಿಯಾ ಹೇಳಬೇಕು. ಹೆಂಗಸರಿಗೆ ಪ್ರತ್ಯೇಕ ಬಟ್ಟೆ ಇಲ್ಲ, ನಿಯ್ಯತ್ ಮಾತ್ರ ತಪ್ಪಬಾರದು. ಮೊದಲು ಮದೀನಾದಲ್ಲಿ ಇಳಿಯುವವರಿಗೆ ಈ ಅವಸರವಿಲ್ಲ. ಮಕ್ಕಾಕ್ಕೆ ಹೊರಟಾಗ ಜುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟಬಹುದು. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ನಮಾಜಿನ ವೇಳೆಯನ್ನೂ ಲೆಕ್ಕ ಹಾಕಿಟ್ಟುಕೊಳ್ಳಿ.

ಮುಖ್ಯ ಮಾತು ಬೇರೆಯೇ ಇದೆ. ಆರು ತಾಸಿನಲ್ಲಿ ದೇಹ ಜಿದ್ದಾ ಮುಟ್ಟುತ್ತದೆ, ಮನಸ್ಸು ಅಷ್ಟು ಬೇಗ ಸಿದ್ಧವಾಗದು. ಹಿರಿಯರು ದಾರಿಯುದ್ದಕ್ಕೂ ಮಾಡಿದ ತೌಬಾವನ್ನು ನಾವು ಮನೆಯಲ್ಲೇ ಶುರುಮಾಡಬೇಕು. ಮುರಿದ ಸಂಬಂಧ, ಅಕ್ಕತಂಗಿಯರಿಗೆ ಕೊಡದೆ ಉಳಿಸಿಕೊಂಡ ಆಸ್ತಿಯ ಪಾಲು, ಅಂಗಡಿಯ ಬಾಕಿ, ಇವನ್ನೆಲ್ಲ ಟಿಕೆಟ್ ಬರುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳೋಣ. ಅಲ್ಲಾಹನು ನಮ್ಮೆಲ್ಲರಿಗೂ ಹಜ್ಜೆ ಮಬ್ರೂರ್ ದಯಪಾಲಿಸಲಿ, ಆಮೀನ್.