ಬಸುರಿಯರ ರಕ್ತಹೀನತೆಯೂ ಲೂಸಿ ವಿಲ್ಸರೂ

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯೊಬ್ಬರು ಮುಂಬಯಿಗೆ ಬಂದರು. ಅಲ್ಲಿಯ ಬಡ ಬಸುರಿಯರನ್ನು, ಅವರಲ್ಲಿಯೂ ಬಟ್ಟೆಗಿರಣಿಗಳ ಕೂಲಿ ಹೆಂಗಸರನ್ನು, ಒಂದು ವಿಧದ ರಕ್ತಹೀನತೆ ಬಲಿತೆಗೆದುಕೊಳ್ಳುತ್ತಿದ್ದಿತು. ತಿಂಗಳು ತುಂಬುತ್ತ ಬಂದಂತೆ ಮೈ ಬಿಳಿಚಿ, ಉಸಿರು ಮೇಲಕ್ಕೆ ಹತ್ತಿ, ಹೆರಿಗೆಯ ಆಯಾಸವನ್ನು ತಾಳಲಾರದೆ ತಾಯಿ ತೀರಿಕೊಳ್ಳುವಳು; ಅನೇಕವೇಳೆ ಕೂಸೂ ಉಳಿಯದು. ಇದರ ಕಾರಣವನ್ನು ಕಂಡುಹಿಡಿಯುವುದೇ ಆಕೆಗೆ ಒಪ್ಪಿಸಲ್ಪಟ್ಟ ಕಾರ್ಯ.

ಲೂಸಿ ವಿಲ್ಸ್ ಹುಟ್ಟಿದ್ದು 1888ರಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ಸಮೀಪದಲ್ಲಿ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಓದಿದರು. ಪುರುಷರಿಗೆ ಸಮನಾದ ಪದವಿಯನ್ನು ಸ್ತ್ರೀಯರಿಗೆ ಕೊಡಲು ಆ ವಿಶ್ವವಿದ್ಯಾಲಯಕ್ಕೆ 1948ರವರೆಗೆ ಮನಸ್ಸು ಬರಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆವು. ಮುಂದೆ ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು 1920ರಲ್ಲಿ ವೈದ್ಯೆಯಾದರು.

ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿದ್ದುಕೊಂಡು ಆಕೆ ಮೊದಲು ರೋಗಾಣುಗಳನ್ನು ಹುಡುಕಿದರು. ಅಪರಾಧಿ ಸಿಕ್ಕಲಿಲ್ಲ. ಆಗ ಆಕೆಯ ದೃಷ್ಟಿ ರೋಗಿಯ ತಟ್ಟೆಯ ಕಡೆಗೆ ಹರಿಯಿತು. ಮುಂಬಯಿಯ ಹೆಂಗಸರು ಏನನ್ನು ಉಣ್ಣುತ್ತಾರೆ, ಎಂತಹ ಮನೆಗಳಲ್ಲಿ ವಾಸಿಸುತ್ತಾರೆ ಎಂಬುದನ್ನು ಸಹಾಯಕರೊಡನೆ ವಿಚಾರಿಸಿ ಬರೆದುಕೊಂಡರು. ಸತ್ವಹೀನ ಆಹಾರವನ್ನುಣ್ಣುತ್ತಿದ್ದ ಬಡ ಮುಸಲ್ಮಾನ ಸ್ತ್ರೀಯರಲ್ಲಿ ಈ ರೋಗ ಹೆಚ್ಚಾಗಿರುವುದು ಕಂಡುಬಂದಿತು. ಪ್ರಯೋಗಶಾಲೆಯ ಸೂಕ್ಷ್ಮದರ್ಶಕಕ್ಕಿಂತ ಈ ಅಡಿಗೆಮನೆಯ ವಿಚಾರಣೆಯೇ ದೊಡ್ಡದೆಂದು ನಮಗೆ ತೋರುತ್ತದೆ.

1929ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆಕೆಯ ಕೆಲಸ ನಡೆದದ್ದು ನಮ್ಮ ನೀಲಗಿರಿಯಲ್ಲಿ, ಕೂನೂರಿನ ಪಾಸ್ತರ್ ಸಂಸ್ಥೆಯಲ್ಲಿ. ಅಲ್ಲಿ ರಾಬರ್ಟ್ ಮೆಕ್ಯಾರಿಸನ್ನರು ಭಾರತದ ನಾನಾ ಪ್ರಾಂತಗಳ ಆಹಾರವನ್ನು ಇಲಿಗಳಿಗೆ ತಿನ್ನಿಸಿ ಯಾವುದರ ಫಲ ಏನೆಂದು ನೋಡುತ್ತಿದ್ದರು. ಲೂಸಿ ವಿಲ್ಸರೂ ಮುಂಬಯಿಯ ಬಡವರ ಊಟದಂತಹ ಆಹಾರವನ್ನೇ ಗಬ್ಬದ ಇಲಿಗಳಿಗೆ ಕೊಟ್ಟರು. ಇಲಿಗಳ ರಕ್ತ ಕೆಟ್ಟಿತು. ಮರಿ ಹಾಕುವ ಮೊದಲೇ ಸತ್ತವೂ ಉಂಟು. ಆಹಾರಕ್ಕೆ ಕಿಣ್ವವನ್ನು, ಎಂದರೆ ಯೀಸ್ಟನ್ನು, ಬೆರೆಸಿದಾಗ ರೋಗ ತಡೆಯಿತು. ಆದರೆ ಒಂದು ತೊಡಕು ಹುಟ್ಟಿಕೊಂಡಿತು: ಇಲಿಗಳ ಮೈಯ ಹೇನಿನಿಂದ ಹರಡುವ ಬೇರೊಂದು ಸೋಂಕೂ ಅವುಗಳ ರಕ್ತವನ್ನು ಕೆಡಿಸುತ್ತಿದ್ದಿತು. ಆದುದರಿಂದ ಇಲಿಯ ಸಾಕ್ಷ್ಯವನ್ನಷ್ಟೇ ನೆಚ್ಚದೆ ಮುಂದೆ ಕೋತಿಗಳ ಮೇಲೂ ಪರೀಕ್ಷೆ ನಡೆಸಿದರು.

ಯಕೃತ್ತನ್ನು ತಿನ್ನಿಸಿದರೆ ಮಾರಕ ರಕ್ತಹೀನತೆ ವಾಸಿಯಾಗುವುದೆಂದು ಅಮೆರಿಕದ ಮೈನೊ ಮತ್ತು ಮರ್ಫಿ 1926ರಲ್ಲಿಯೇ ತೋರಿಸಿದ್ದರು. ಆದರೆ ಯಕೃತ್ತಿನ ಸಾರಕ್ಕೆ ಬೆಲೆ ಹೆಚ್ಚು. ಕೂಲಿಯವಳ ಕೈಗೆ ಅದು ಎಟಕುವುದೆಂತು? ಲೂಸಿ ವಿಲ್ಸ್ ಆರಿಸಿಕೊಂಡದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. ಬೀರು ಕಾಯಿಸುವಲ್ಲಿ ಉಳಿದ ಕಿಣ್ವದಿಂದ ಮಾಡುವಂಥದು. ಅದನ್ನು ತಿಂದ ಬಸುರಿಯರ ರಕ್ತದಲ್ಲಿ ಕೆಲವೇ ದಿನಗಳೊಳಗೆ ಹೊಸ ಕಣಗಳು ಕಾಣಿಸಿಕೊಂಡವು. 1931ರಲ್ಲಿ ಈ ಫಲವು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯಕೃತ್ತಿನ ಶುದ್ಧೀಕರಿಸಿದ ಸಾರವು ಇಲ್ಲಿ ಕೆಲಸಮಾಡದು, ಒರಟು ಸಾರವೇ ಬೇಕು ಎಂಬುದನ್ನೂ ಆಕೆ ಗಮನಿಸಿದರು. ಎಂದಮೇಲೆ ಈ ರೋಗವನ್ನು ನೀಗುವ ವಸ್ತುವೇ ಬೇರೆ.

ಆ ವಸ್ತುವಿಗೆ ಬಹುಕಾಲ 'ವಿಲ್ಸ್ ಅಂಶ'ವೆಂದು ಹೆಸರಿದ್ದಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಎಲೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. 1945ರಲ್ಲಿ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ನಾಯಕರು ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಜೀವಕಣವು ಒಡೆದು ಎರಡಾಗಲು ಈ ಆಮ್ಲ ಬೇಕೇ ಬೇಕು. ಅದಿಲ್ಲದಾಗ ರಕ್ತಕಣಗಳು ಸಂಖ್ಯೆಯಲ್ಲಿ ಕುಗ್ಗಿ ಗಾತ್ರದಲ್ಲಿ ಊದಿಕೊಳ್ಳುತ್ತವೆ.

ಲೂಸಿ ವಿಲ್ಸ್ 1964ರಲ್ಲಿ ನಿಧನರಾದರು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದು ಇದೇ ಆಮ್ಲದ ಇನ್ನೊಂದು ಗುಣವನ್ನು ಸ್ಥಾಪಿಸಿತು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಶಿಶುವನ್ನು ಹಿಂದೊಮ್ಮೆ ಹೆತ್ತಿದ್ದ ತಾಯಂದಿರು ಗರ್ಭ ನಿಲ್ಲುವುದಕ್ಕೆ ಮೊದಲೇ ಇದನ್ನು ಸೇವಿಸಿದಾಗ, ಅಂತಹ ಶಿಶುಗಳ ಜನನವು ಶೇಕಡಾ 72ರಷ್ಟು ಕಡಮೆಯಾಯಿತು.

ನಮ್ಮ ಶಾಲೆಗಳಲ್ಲಿ ವಾರಕ್ಕೊಮ್ಮೆ ಹಂಚುವ ನೀಲಿ ಗುಳಿಗೆಯಲ್ಲಿ ಕಬ್ಬಿಣದ ಜತೆಗೆ ಇರುವುದು ಈ ಆಮ್ಲವೇ. ಮುಖ ಸಿಂಡರಿಸಿ ಕಿಟಕಿಯಾಚೆ ಎಸೆಯುವ ಹುಡುಗಿಯರುಂಟು. ಅವರಿಗೆ ನಾವು ಇಷ್ಟನ್ನು ತಿಳಿಸಿಕೊಡಬೇಕು: ಶಿಶುವಿನ ಬೆನ್ನುಹುರಿಯ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಆ ವೇಳೆಗೆ ತಾನು ಬಸುರಿಯೆಂಬುದು ಎಷ್ಟೋ ತಾಯಂದಿರಿಗೆ ತಿಳಿದೇ ಇರುವುದಿಲ್ಲ.