ಕುಸ್ವಾರಿನ ತಟ್ಟೆ

ಕ್ರಿಸ್ಮಸ್ ದಿನಗಳಲ್ಲಿ ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರ ಮನೆಗೆ ಹೋದರೆ ನಿಮ್ಮ ಮುಂದೆ ತಿಂಡಿಗಳ ತಟ್ಟೆಯೊಂದು ಬರುತ್ತದೆ. ಅದೇ ಕುಸ್ವಾರ್. ಪೋರ್ಚುಗೀಸರು ಕ್ರಿಸ್ಮಸ್ ಜಾಗರಣೆಯ ಊಟವನ್ನು ‘ಕೊನ್ಸುವಾದ’ ಎನ್ನುತ್ತಾರೆ. ಗೋವೆಯಲ್ಲಿ ಆ ಹೆಸರು ಹಬ್ಬದ ಸಿಹಿತಿಂಡಿಗಳಿಗೆ ಅಂಟಿಕೊಂಡಿತು. ನಮ್ಮ ಕುಸ್ವಾರ್ ಅದರದೇ ರೂಪಾಂತರ.

ಹೆಸರು ಹೊರಗಿನದಾದರೂ ತಟ್ಟೆಯೊಳಗಿರುವುದು ಬಹುಮಟ್ಟಿಗೆ ಈ ನೆಲದ್ದೇ. ನೆವ್ರಿಯನ್ನೇ ನೋಡಿರಿ. ಹುರಿದ ಎಳ್ಳು, ಒಣಕೊಬ್ಬರಿ, ಸಕ್ಕರೆ, ಏಲಕ್ಕಿಗಳ ಹೂರಣವನ್ನು ಅರ್ಧಚಂದ್ರಾಕಾರದ ಕಣಕದಲ್ಲಿ ಮುಚ್ಚಿ ಕರಿದರೆ ನೆವ್ರಿ. ನೀವು ಕರ್ಜಿಕಾಯಿ ಎನ್ನುವುದು ಇದನ್ನೇ. ಗೋವೆಯ ಹಿಂದೂ ಮನೆಗಳಲ್ಲಿ ಗಣೇಶ ಚೌತಿಗೂ ನೆವ್ರಿಯೇ ಬೇಕು. ಹೂರಣದೊಳಗಿನ ಗೋಡಂಬಿ ಮಾತ್ರ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬ್ರೆಜಿಲ್‌ನಿಂದ ಬಂದ ಅತಿಥಿ.

ಈ ಸಾಮ್ಯ ಉಳಿದದ್ದು ಸಾಮಾನ್ಯ ಸಂಗತಿಯಲ್ಲ. 1560ರಲ್ಲಿ ಗೋವೆಯಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯವು 1736ರ ಆಜ್ಞೆಯಲ್ಲಿ, ಕ್ರೈಸ್ತರು ಅನ್ನಕ್ಕೆ ಉಪ್ಪು ಹಾಕದೆ ಬೇಯಿಸುವುದನ್ನು ಸಹ ನಿಷೇಧಿಸಿತ್ತು. ಹಿಂದೂಗಳು ಹಾಗೆ ಬೇಯಿಸುತ್ತಾರೆಂಬುದೇ ಕಾರಣ! ಇಂತಹ ಕಾಟದಿಂದಲೂ ಕ್ಷಾಮ, ಯುದ್ಧ, ತೆರಿಗೆಗಳಿಂದಲೂ ಬೇಸತ್ತು ಅನೇಕ ಕುಟುಂಬಗಳು ದಕ್ಷಿಣಕ್ಕೆ ಬಂದವು. ಕೆಳದಿಯ ನಾಯಕರು ಅವರಿಗೆ ಉಳುಮೆಗೆ ಭೂಮಿ ಕೊಟ್ಟರು. ಒಲೆಯ ಮೇಲಿನ ಬಾಣಲೆಯನ್ನು ಯಾವ ಆಜ್ಞೆಯೂ ಇಳಿಸಲಾಗಲಿಲ್ಲ.

ಬಾಲ್ಯದಲ್ಲಿ ನಮಗೆ ಇದೊಂದೂ ತಿಳಿದಿರಲಿಲ್ಲ. ಆಗಮನ ಕಾಲದ ಸಂಜೆಗಳಲ್ಲಿ ಚಾಪೆಯ ಸುತ್ತ ಕುಳಿತು, ತೆಂಗಿನಹಾಲಿನಲ್ಲಿ ಕಲಸಿದ ಹಿಟ್ಟಿನ ಪುಟ್ಟ ಉಂಡೆಗಳನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುತ್ತಿದ್ದೆವು. ಅವೇ ಕಿಡಿಯೊ; ಕೊಂಕಣಿಯಲ್ಲಿ ಹುಳುಗಳೆಂದರ್ಥ. ಕರಿದು ಸಕ್ಕರೆಪಾಕದಲ್ಲಿ ಹೊರಳಿಸಿದ ಮೇಲೆ ಅವು ಡಬ್ಬಿ ಸೇರಿ ಅಟ್ಟ ಏರುತ್ತಿದ್ದವು. ನಡುರಾತ್ರಿಯ ಬಲಿಪೂಜೆ ಮುಗಿಯುವವರೆಗೆ ಮುಟ್ಟುವಂತಿರಲಿಲ್ಲ. ಗುರುಮಠದಲ್ಲಿ ಮುಂದೆ ಕಲಿತ ಯಾವ ತಪಸ್ಸೂ ಅಷ್ಟು ಕಠಿಣವೆನಿಸಲಿಲ್ಲ.

ಸಿಹಿಯ ಮೇಲಿನ ನನ್ನ ಮೋಹ ಇಂದಿಗೂ ತಗ್ಗಿಲ್ಲ, ಆದರೆ ಈಗ ಕುಸ್ವಾರ್ ಕಂಡಾಗಲೆಲ್ಲ ಒಂದು ಲೆಕ್ಕ ನೆನಪಾಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಸಹಸ್ರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಬದುಕುಳಿದವರು ಊರಿಗೆ ಮರಳಿದ್ದು 1799ರಲ್ಲಿ ಅವನು ಮಡಿದ ನಂತರ. ನಡುವೆ ಹದಿನೈದು ಕ್ರಿಸ್ಮಸ್‌ಗಳು ಕಳೆದಿದ್ದವು. ಸೆರೆಯಲ್ಲಿ ಹುಟ್ಟಿ ಬೆಳೆದ ಮಕ್ಕಳು ನೆವ್ರಿಯ ರುಚಿಯನ್ನೇ ಕಂಡಿರಲಿಕ್ಕಿಲ್ಲ. ಹಾಳುಬಿದ್ದ ಮನೆಗಳಿಗೆ ಮರಳಿ ಮತ್ತೆ ಒಲೆ ಹೊತ್ತಿಸಿದಾಗ, ಎಳ್ಳಿಗೆ ಸಿಹಿ ಎಷ್ಟು ಬೆರೆಸಬೇಕೆಂಬ ಹದ ಯಾವಳೋ ಮುದುಕಿಯ ಕೈಯಲ್ಲಿ ಉಳಿದಿತ್ತು.